ದಂಗೆಗೂ ಒಬ್ಬ ರಾಜ ಬೇಕಾಗಿದ್ದ

ಈದ್ ಹಬ್ಬಕ್ಕೆ ತುಮಕೂರಿನ ತಂಗಿಯ ಮನೆಗೆ ಹೋಗಿದ್ದೆ. ಶೀರ್‌ಖುರ್ಮಾ ಕುಡಿದು, ಬಂದು ಹೋಗುವವರಿಗೆಲ್ಲ ಸಲಾಂ ಹೇಳಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಎರಡನೇ ಪಿಯುಸಿ ಓದುವ ತಂಗಿಯ ಮಗಳು ಅಂಗಳದ ಮೂಲೆಯಲ್ಲಿ ಹೊಸ ಬಟ್ಟೆ ಮುದ್ದೆಯಾಗುವುದನ್ನೂ ಲೆಕ್ಕಿಸದೆ ಕುಳಿತು ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಮುಳುಗಿದ್ದಳು. ಏನು ಕಥೆಯಮ್ಮಾ ಎಂದು ಕೇಳಿದೆ. ಉತ್ಸಾಹದಿಂದ ಹೇಳಿದಳು.

ಒಂದು ರಾಜ್ಯ. ಅಲ್ಲಿ ಜನ ಹುಟ್ಟಿನಿಂದಲೇ ಎರಡು ಪಾಲು: ಆಳುವವರು, ಅವರಿಗಾಗಿ ದುಡಿಯುವವರು. ಉಸಿರಾಡುವುದಕ್ಕೂ ಅಪ್ಪಣೆ ಬೇಕೆನ್ನುವಂಥ ಕಾನೂನುಗಳು. ಬಡವರ ಓಣಿಯ ಹುಡುಗಿಯೊಬ್ಬಳು ಹೇಗೋ ಅರಮನೆಯೊಳಗೆ ಬಂದು ಬೀಳುತ್ತಾಳೆ. ತನ್ನ ಹುಟ್ಟಿನಲ್ಲಿ ಏನೋ ಗುಟ್ಟಿದೆ ಎಂದು ಅವಳಿಗೆ ತಿಳಿಯುತ್ತದೆ. ಹೊರಗೆ ದಂಗೆ ಏಳಲು ಕಾಯುತ್ತಿರುವ ಜನ ಅವಳನ್ನೇ ಮುಂದಿಟ್ಟುಕೊಂಡು ಹೊರಡುತ್ತಾರೆ. ಹದಿಹರೆಯದವರಿಗೆಂದೇ ಬರೆಯುವ ಇಂಥ ಕಾದಂಬರಿಗಳು ಈಗ ರಾಶಿರಾಶಿ ಬರುತ್ತವೆ. ಎಲ್ಲವೂ ಕೆಟ್ಟುಹೋದ ಯಾವುದೋ ಕಾಲದ ಕಲ್ಪನೆ, ಅದರ ನಡುವೆ ಸಿಂಹಾಸನ ಮತ್ತು ದಂಗೆ.

"ಮಾಮು, ನಮ್ಮ ಕಡೆ ಇಂಥದ್ದೇನಾದರೂ ನಡೆದಿದೆಯಾ?" ಎಂದು ಕೇಳಿದಳು.

ನಾನು ವಾಡಿಕೆಯಂತೆ ಟಿಪ್ಪು ಸುಲ್ತಾನರಿಂದ ಶುರುಮಾಡಿದೆ. ಅವಳು ಅಲ್ಲೇ ತಡೆದಳು. "ಅದು ರಾಜರ ರಾಜರ ಯುದ್ಧ ಮಾಮು. ನಾನು ಕೇಳ್ತಿರೋದು ಜನ ರಾಜನ ಮೇಲೆ ಎದ್ದದ್ದು."

ಕಥೆ ಬರೆಯುವವನೆಂದು ಹೆಸರಿಟ್ಟುಕೊಂಡ ನಾನು ಒಂದು ಗಳಿಗೆ ಸುಮ್ಮನಾದೆ. ನಡೆದಿದೆ. ನಮ್ಮ ಮೈಸೂರು ಸೀಮೆಯಲ್ಲೇ, 1830-31ರಲ್ಲಿ. ಆ ದಂಗೆ ಅರಸನೊಬ್ಬನ ಅಧಿಕಾರವನ್ನೇ ತೆಗೆಯಿತು. ತುಮಕೂರು ಒಂದು ದೊಡ್ಡ ಆಡಳಿತ ಕೇಂದ್ರವಾದದ್ದೂ ಅದರ ಬೆನ್ನಿಗೇ. ಆದರೆ ಅದನ್ನು ನಮ್ಮ ಮನೆಗಳಲ್ಲಿ ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಅವಳಿಗೆ ಅಂದು ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಕೂಡಿಸಿ ಬರೆಯುತ್ತಿದ್ದೇನೆ.

ಕೈಬೀಸಿ ನಡೆದರೂ ತೆರಿಗೆ

ಮೊದಲು ಆ ಕಾಲದ ತೆರಿಗೆಗಳನ್ನು ನೋಡಬೇಕು. ಬ್ರಿಟಿಷ್ ಕಮಿಷನರರ ಆಡಳಿತ ಬಂದ ಮೇಲೆ ಮೈಸೂರು ಸೀಮೆಯಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769 ಎಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಮದುವೆಯಾದರೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ. ಅದಕ್ಕೆ ಹೆಸರಿಟ್ಟರೆ ಇನ್ನೊಂದು, ತಲೆಗೂದಲು ತೆಗೆಸಿದರೆ ಮತ್ತೊಂದು. ಒಂದು ಹಳ್ಳಿಯವರು ಕೊಡುತ್ತಿದ್ದ ತೆರಿಗೆಯ ಕಾರಣ ಕೇಳಿದರೆ ನಗುವುದೋ ಅಳುವುದೋ ತಿಳಿಯುವುದಿಲ್ಲ. ಹಿಂದೆಂದೋ ಪಾಳೆಯಗಾರನ ಕುದುರೆಯೊಂದು ತಪ್ಪಿಸಿಕೊಂಡು ಹೋಗಿತ್ತಂತೆ. ಆ ಹಳ್ಳಿಯವರ ಪೂರ್ವಿಕರು ಅದನ್ನು ಹುಡುಕಿಕೊಡಲಿಲ್ಲ. ಅದಕ್ಕೆ ಮೊಮ್ಮಕ್ಕಳು ಮರಿಮಕ್ಕಳು ದಂಡ ಕಟ್ಟುತ್ತಲೇ ಇದ್ದರು. ನಗರ ಸೀಮೆಯ ಒಂದು ಜಾಗದಲ್ಲಂತೂ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದುಹೋದರೆ ತೆರಿಗೆ ಕೊಡಬೇಕಿತ್ತು.

ಇವೆಲ್ಲ ಒಬ್ಬ ರಾಜ ಒಂದು ದಿನ ಕುಳಿತು ಹಾಕಿದವಲ್ಲ. ಪಾಳೆಯಗಾರರ ಕಾಲದಿಂದ ಒಂದರ ಮೇಲೊಂದು ಕೂಡಿ ಬಂದವು. ಹಾಕಿದವನು ಸತ್ತರೂ ತೆರಿಗೆ ಸಾಯುತ್ತಿರಲಿಲ್ಲ. ನನ್ನ ಸೊಸೆ ಓದುತ್ತಿದ್ದ ಕಾದಂಬರಿಯ ಲೇಖಕಿ ಇಷ್ಟನ್ನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಐದು ವರ್ಷದ ಅರಸ

ಇನ್ನು ರಾಜನ ಕಥೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನರು ಶಹೀದರಾದರು. ಅದೇ ವರ್ಷ ಜೂನ್ 30ರಂದು ಇಂಗ್ಲಿಷರು ಮೈಸೂರಿನ ಗಾದಿಯ ಮೇಲೆ ಕೂರಿಸಿದ್ದು ಇನ್ನೂ ಐದು ವರ್ಷ ತುಂಬದ ಬಾಲಕನನ್ನು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಆಡಳಿತ ನಡೆಸಿದವರು ಟಿಪ್ಪುವಿನ ಮಂತ್ರಿಯೂ ಆಗಿದ್ದ ಪೂರ್ಣಯ್ಯ. ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹ, ಎಂದರೆ ಸುಮಾರು 24 ಲಕ್ಷ 50 ಸಾವಿರ ರೂಪಾಯಿ ಪೊಗದಿ ಕೊಡಬೇಕೆಂದು ಒಪ್ಪಂದವಾಯಿತು. ಈ ಹಣ ತಪ್ಪುವಂತಿದ್ದರೆ ಆಡಳಿತವನ್ನು ತಾನೇ ವಹಿಸಿಕೊಳ್ಳಬಹುದೆಂದು ಕಂಪನಿ ಅದೇ ಒಪ್ಪಂದದಲ್ಲಿ ಬರೆಸಿಕೊಂಡಿತ್ತು.

1811ರಲ್ಲಿ ಪೂರ್ಣಯ್ಯ ಇಳಿದಾಗ ಖಜಾನೆ ತುಂಬಿತ್ತು. ಹದಿನೇಳರ ಅರಸರ ಕೈಗೆ ಅಧಿಕಾರ ಬಂತು. ಕೆಲವೇ ವರ್ಷಗಳಲ್ಲಿ ಖಜಾನೆ ಕರಗಿತು, ಸಾಲ ಬೆಳೆಯಿತು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1825ರಲ್ಲಿ ತಾನೇ ಮೈಸೂರಿಗೆ ಬಂದು ಎಚ್ಚರಿಸಿ ಹೋದ.

ಮುಮ್ಮಡಿಯವರು ಕ್ರೂರಿಯಾಗಿದ್ದರು ಎನ್ನುವಂತಿಲ್ಲ. ಕವಿಗಳಿಗೆ, ಪಂಡಿತರಿಗೆ, ಸಂಗೀತಗಾರರಿಗೆ ಆಶ್ರಯ ಕೊಟ್ಟವರು. ಕೆಂಪುನಾರಾಯಣನ ಮುದ್ರಾಮಂಜೂಷ ಹುಟ್ಟಿದ್ದು ಅವರ ಆಶ್ರಯದಲ್ಲಿ. ಚದುರಂಗದಲ್ಲಿ ಅವರು ಅಪಾರ ಆಸಕ್ತಿಯಿಟ್ಟು ಹೊಸ ಹೊಸ ಆಟಗಳನ್ನೇ ಕಟ್ಟಿದರು. ಕಾದಂಬರಿಗಳಲ್ಲಿ ದುಷ್ಟ ರಾಜನೊಬ್ಬನಿರುತ್ತಾನೆ, ಅವನು ಸತ್ತರೆ ಕಷ್ಟ ತೀರುತ್ತದೆ. ಇಲ್ಲಿ ಹಾಗಿರಲಿಲ್ಲ. ಇಲ್ಲಿದ್ದದ್ದು ಒಂದು ಸರಪಳಿ. ಕಂಪನಿಗೆ ಪೊಗದಿ ಹೋಗಲೇಬೇಕು, ಅದಕ್ಕಾಗಿ ಅರಮನೆಗೆ ಹಣ ಬರಲೇಬೇಕು. ಅರಮನೆ ಅಮಲ್ದಾರರಿಂದ ಶರ್ತು ಬರೆಸಿಕೊಳ್ಳುತ್ತಿತ್ತು: ಈ ತಾಲ್ಲೂಕಿನಿಂದ ಇಷ್ಟು ಹಣ ತಂದುಕೊಡುತ್ತೇನೆ, ಕಡಿಮೆಯಾದರೆ ನನ್ನ ಕೈಯಿಂದ ತುಂಬುತ್ತೇನೆ. ಇದೇ ಶರ್ತಿ ಪದ್ಧತಿ. ಶರ್ತು ಬರೆದುಕೊಟ್ಟ ಅಮಲ್ದಾರ ಕೈಯಿಂದ ಏಕೆ ತುಂಬುತ್ತಾನೆ? ಮಳೆ ಬಂದರೂ ಬರದಿದ್ದರೂ ರೈತನ ಕೊಟ್ಟಿಗೆಗೆ ಬಂದು ನಿಲ್ಲುತ್ತಿದ್ದ. ಸರಪಳಿಯ ಒಂದು ತುದಿ ಕಲ್ಕತ್ತೆಯಲ್ಲಿತ್ತು, ಇನ್ನೊಂದು ತುದಿ ರೈತನ ಕೊರಳಲ್ಲಿ. ರೈತನ ಕಣ್ಣಿಗೆ ಕಾಣುತ್ತಿದ್ದದ್ದು ಅಮಲ್ದಾರನಷ್ಟೇ, ಬಹಳವೆಂದರೆ ಅವನ ಹಿಂದಿನ ಅರಮನೆ.

ಕೂಟ

1830ರ ಮಳೆಗಾಲದಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು. ನಗರವೆಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ಹಳೆಯ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. ಕೂಟ ಎಂಬ ಮಾತನ್ನು ಇಂದು ನಾವು ಊಟದ ಕೂಟಕ್ಕೋ ಕವಿಗಳ ಕೂಟಕ್ಕೋ ಬಳಸುತ್ತೇವೆ. ಅಂದು ಅದು ಬೇಸಾಯಗಾರನ ಅಸ್ತ್ರ. ಹಳ್ಳಿಯವರು ಮನೆ ಬಿಟ್ಟು ಒಂದೆಡೆ ನೆರೆಯುತ್ತಿದ್ದರು. ಕಂದಾಯ ಕೊಡುವುದಿಲ್ಲ ಎನ್ನುತ್ತಿದ್ದರು. ನಮ್ಮ ಅಹವಾಲು ಕೇಳುವವರು ಬರಲಿ ಎಂದು ಕಾಯುತ್ತಿದ್ದರು. ಅಕ್ಕಪಕ್ಕದ ಸೀಮೆಗಳಿಗೆ ಕಾಗದ ಬರೆದು ನೀವೂ ಬನ್ನಿ ಎಂದು ಕರೆಯುತ್ತಿದ್ದರು. ಹೀಗೆ ಬರೆದ ಕಾಗದಗಳು ಊರಿಂದೂರಿಗೆ ಹೋಗಿ ದಂಗೆ ಹಬ್ಬಿತು. ನಗರದಲ್ಲಿ ಶುರುವಾದದ್ದು ಚಿತ್ರದುರ್ಗದ ಕಡೆಗೂ ಚಾಚಿತು. ತರೀಕೆರೆಯ ಪಾಳೆಯಗಾರ ಮನೆತನದವರೂ ಎದ್ದರು.

ಮೊದಲಿಗೆ ಕೂಟದವರು ಕೇಳಿದ್ದು ನ್ಯಾಯವನ್ನು. ಲೆಕ್ಕ ತೆಗೆಯಿರಿ, ಅಮಲ್ದಾರರು ತಿಂದದ್ದೆಷ್ಟು ನೋಡಿರಿ ಎಂದರು. ನ್ಯಾಯ ಬರಲಿಲ್ಲ, ಕುದುರೆ ಸವಾರರು ಬಂದರು.

ಇಲ್ಲಿ ನಮ್ಮವರ ಮಾತನ್ನೂ ಹೇಳಲೇಬೇಕು. ಕುಣಿಗಲ್ ಎಂದ ಕೂಡಲೇ ಕೆರೆಯ ಜೊತೆಗೇ ಕುದುರೆ ನೆನಪಿಗೆ ಬರುತ್ತದೆ. ಟಿಪ್ಪುವಿನ ಅಶ್ವಪಡೆಗೆ ಕುದುರೆ ಬೆಳೆಸಿದ ಜಾಗವೆಂದು ಕುಣಿಗಲ್ಲಿನ ಕುದುರೆ ಫಾರ್ಮಿನ ಬಗ್ಗೆ ನಮ್ಮ ಮನೆಗಳಲ್ಲಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಯುದ್ಧದ ಕುದುರೆಗಳ ಜಾಗಕ್ಕೆ ಮುಂದೆ ರೇಸಿನ ಕುದುರೆಗಳು ಬಂದವು, ಆ ಮಾತು ಬೇರೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಸವಾರರು ಎಲ್ಲಿಗೆ ಹೋದರು? ಹಲವರು ಒಡೆಯರ ಸಿಲ್ಲೇದಾರ್ ಪಡೆ ಸೇರಿದರು. ಕುದುರೆ ಸವಾರನದೇ, ಸಂಬಳ ಸರ್ಕಾರದ್ದು, ಅದೇ ಸಿಲ್ಲೇದಾರಿ. ಆ ಪಡೆಯಲ್ಲಿ ಮುಸಲ್ಮಾನರು ಬಹಳ ಇದ್ದರು. 1830ರಲ್ಲಿ ರೈತರ ಕೂಟ ಚದುರಿಸಲು ಅರಮನೆ ಕಳಿಸಿದ ಪಡೆಗಳಲ್ಲಿ ಸಿಲ್ಲೇದಾರರೂ ಇದ್ದರು. "ನಾವು ಯಾರ ಕಡೆ ಇದ್ದೆವು ಮಾಮು?" ಎಂದು ಸೊಸೆ ಕೇಳಿದಾಗ ನಾನು ಇದನ್ನು ಮುಚ್ಚಿಡಲಿಲ್ಲ. ಹೊಟ್ಟೆಪಾಡಿಗಾಗಿ ಕುದುರೆ ಏರಿದವನು, ಹೊಟ್ಟೆಪಾಡಿಗಾಗಿ ಕೂಟ ಸೇರಿದವನ ಎದುರು ನಿಂತಿದ್ದ. ಸರಪಳಿ ಹಾಗೆಯೇ ಕೆಲಸ ಮಾಡುತ್ತದೆ.

ಗೈಬು ರಾಜ

ಈಗ ಕಥೆಗೆ ತಿರುವು ಕೊಡುವವನು ಬರುತ್ತಾನೆ. ರೈತರ ನಡುವಿನಿಂದ ಒಬ್ಬ ಎದ್ದು, ನಾನು ಕೆಳದಿ ಅರಸರ ವಂಶದವನು, ನಗರದ ಸಿಂಹಾಸನ ನನ್ನದು ಎಂದ. ಅವನೇ ಬೂದಿ ಬಸವಪ್ಪ. ರೈಸ್ ಕೊಡುವ ವಿವರದಂತೆ ಅವನ ನಿಜ ಹೆಸರು ಸಾದರ ಮಲ್ಲ, ಹುಟ್ಟಿನಿಂದ ಸಾಮಾನ್ಯ ರೈತ. ಒಬ್ಬ ಜಂಗಮನ ಸೇವೆಯಲ್ಲಿದ್ದಾಗ ಹಳೆಯ ಅರಸರ ಮುದ್ರೆಗಳು ಅವನ ಕೈಗೆ ಸಿಕ್ಕವು. ನಡುವೆ ಕಳವಿನ ಆರೋಪದ ಮೇಲೆ ಸೆರೆವಾಸವನ್ನೂ ಕಂಡಿದ್ದ. ಗೆದ್ದವರ ಕಡೆಯವರು ಬರೆದ ವಿವರವಿದು ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೆ ಸಾವಿರಾರು ಜನ ಅವನ ಹಿಂದೆ ನಿಂತರೆಂಬುದು ನಿಜ.

ರೈತರು ಇದನ್ನು ಏಕೆ ನಂಬಿದರು? ಈ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೂ ಅರವತ್ತೇಳು ವರ್ಷ ಹಿಂದಕ್ಕೆ, ನಮ್ಮ ತುಮಕೂರು ಜಿಲ್ಲೆಯ ಮಧುಗಿರಿ ಕೋಟೆಗೆ ಹೋಗಬೇಕು.

1763ರಲ್ಲಿ ಹೈದರ್ ಅಲಿ ಬಿದನೂರಿನ ಮೇಲೆ ಹೋದರು. ಅಲ್ಲಿ ರಾಣಿ ವೀರಮ್ಮಾಜಿ ತನ್ನ ದತ್ತುಮಗನ ಹೆಸರಿನಲ್ಲಿ ಆಳುತ್ತಿದ್ದಳು. ಅದಕ್ಕೂ ಹಿಂದೆ ಚನ್ನಬಸವಯ್ಯ ಎಂಬ ಯುವರಾಜನಿದ್ದ. ಅವನನ್ನು ಕೊಲ್ಲಿಸಲಾಯಿತು ಎಂದು ಊರೆಲ್ಲ ಮಾತು. ಹೈದರ್ ದಂಡೆತ್ತಿ ಹೊರಟಾಗ ಒಬ್ಬ ಯುವಕ ಬಂದು ನಾನೇ ಆ ಯುವರಾಜ, ನನ್ನನ್ನು ಕೊಲ್ಲಲು ಕಳಿಸಿದ್ದ ಜೆಟ್ಟಿಯೇ ಮರುಗಿ ನನ್ನನ್ನು ಬಚ್ಚಿಟ್ಟು ಉಳಿಸಿದ ಎಂದ. ಹೈದರರ ಸೈನ್ಯದ ಮುಸಲ್ಮಾನ ಸಿಪಾಯಿಗಳು ಅವನಿಗೆ ಒಂದು ಹೆಸರಿಟ್ಟರು: ಗೈಬು ರಾಜ. ವಿಲ್ಕ್ಸ್ ಇದನ್ನು ತನ್ನ ಮೈಸೂರು ಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಉರ್ದು ಬಲ್ಲವರಿಗೆ ಈ ಮಾತಿನ ಸೊಗಸು ಗೊತ್ತು. ಗೈಬ್ ಎಂದರೆ ಕಣ್ಣಿಗೆ ಕಾಣದ್ದು. ದಾರಿಯೇ ಕಾಣದಿದ್ದಾಗ ನಮ್ಮ ಅಜ್ಜಿಯಂದಿರು ಗೈಬಿನಿಂದ ಮದದ್ ಬರುತ್ತದೆ ಬಿಡು ಎನ್ನುತ್ತಾರೆ. ಸತ್ತನೆಂದುಕೊಂಡವನು ಕಾಣದ ಲೋಕದಿಂದ ಎದ್ದು ಬಂದಿದ್ದ. ಸಿಪಾಯಿಗಳ ಆ ಹೆಸರಿನಲ್ಲಿ ಅರ್ಧ ಬೆರಗು, ಅರ್ಧ ಕುಚೋದ್ಯ ಎರಡೂ ಇದ್ದಿರಬೇಕು.

ಬಿದನೂರು ಕೈಸೇರಿದ ಮೇಲೆ ಹೈದರ್ ಏನು ಮಾಡಿದರು? ಗೈಬು ರಾಜನಿಗೆ ಕೊಟ್ಟ ಮಾತನ್ನೂ ಉಳಿಸಲಿಲ್ಲ, ರಾಣಿಗೆ ಕೊಟ್ಟ ಮಾತನ್ನೂ ಉಳಿಸಲಿಲ್ಲ. ಇಬ್ಬರನ್ನೂ ಒಟ್ಟಿಗೆ ಮಧುಗಿರಿಯ ಕೋಟೆಗೆ ಸೆರೆ ಕಳಿಸಿದರು. ಬಿದನೂರಿಗೆ ತಮ್ಮ ಹೆಸರಿಟ್ಟು ಹೈದರ್‌ನಗರ ಎಂದು ಕರೆದರು. ಅದೇ ಸವೆದು ನಗರವಾಯಿತು. 1767ರಲ್ಲಿ ಮರಾಠರು ಮಧುಗಿರಿ ಹಿಡಿದಾಗ ಸೆರೆಯಾಳುಗಳಿಗೆ ಬಿಡುಗಡೆಯಾಯಿತು. ಆದರೆ ಸಿಂಹಾಸನ ಮರಳಿ ಬರಲಿಲ್ಲ. ಮಧುಗಿರಿಯ ಏಕಶಿಲೆಯ ಬೆಟ್ಟ ಹತ್ತುವ ಎಷ್ಟು ಪ್ರವಾಸಿಗರಿಗೆ ಈ ಕಥೆ ಗೊತ್ತೋ.

ಕಳೆದುಹೋದ ಅರಸು ಮನೆತನ, ಸಾಯದೆ ಉಳಿದ ಕುಮಾರ, ಕೊಲ್ಲಬಂದವನೇ ಕಾಪಾಡಿದ್ದು, ಮುದ್ರೆಯುಂಗುರ. ಇವೆಲ್ಲ ಮಲೆನಾಡಿನ ಜನರ ನೆನಪಿನಲ್ಲಿ ಎರಡು ತಲೆಮಾರು ಕಾದುಕೊಂಡಿದ್ದವು. ಬೂದಿ ಬಸವಪ್ಪ ಹೊಸ ಕಥೆ ಕಟ್ಟಬೇಕಾಗಿರಲಿಲ್ಲ. ಕಾದಿದ್ದ ಕಥೆಯೊಳಕ್ಕೆ ಹೊಕ್ಕರೆ ಸಾಕಾಗಿತ್ತು.

ನನ್ನ ಪ್ರಕಾರ ಅಂದಿನ ದಂಗೆಯ ಬಲವೂ ಇದೇ, ದೌರ್ಬಲ್ಯವೂ ಇದೇ. ಕೂಟ ಎಂಬುದನ್ನು ರೈತರು ತಮ್ಮ ಬುದ್ಧಿಯಿಂದಲೇ ಕಟ್ಟಿದ್ದರು. ಕಾಗದ ಬರೆದು ಸೀಮೆ ಸೀಮೆಯನ್ನು ಸೇರಿಸುವ ಸಂಘಟನೆ ಅವರಲ್ಲಿತ್ತು. ಆದರೆ ನಮಗೆ ನಾವೇ ಸಾಕು ಎನ್ನುವ ಧೈರ್ಯ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಒಬ್ಬ ರಾಜನನ್ನು ಬೇಡವೆನ್ನಲು ಇನ್ನೊಬ್ಬ ರಾಜನ ಮುಖ ಬೇಕಾಗಿತ್ತು.

ಇದು ಮಲೆನಾಡಿನವರೊಬ್ಬರ ಮಾತಲ್ಲ. ಅದೇ ಸೀಮೆಯ ಚನ್ನಗಿರಿಯ ಧೋಂಡಿಯಾ ವಾಘ್ ಟಿಪ್ಪುವಿನ ಸೆರೆಯಲ್ಲಿದ್ದವನು. ಪಟ್ಟಣ ಬಿದ್ದಾಗ ಹೊರಬಂದು, ಕೆಲಸ ಕಳೆದುಕೊಂಡಿದ್ದ ಸುಲ್ತಾನನ ಸವಾರರನ್ನು ಕೂಡಿಸಿ ಇಂಗ್ಲಿಷರ ವಿರುದ್ಧ ನಿಂತ. ಅವನು ತನಗೆ ತಾನೇ ಇಟ್ಟುಕೊಂಡ ಬಿರುದು ಉಭಯ ಲೋಕಗಳ ಅಧಿಪತಿ. 1800ರ ಸೆಪ್ಟೆಂಬರ್ 10ರಂದು ಹತನಾದ. 1806ರ ಜುಲೈನಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದಾಗ ಕೋಟೆಯ ಮೇಲೆ ಟಿಪ್ಪುವಿನ ಬಾವುಟ ಏರಿಸಿ ಅವರ ಮಗ ಫತೇ ಹೈದರನನ್ನು ಅರಸನೆಂದು ಸಾರಿದರು. ಒಂದು ದಿನದೊಳಗೆ ಎಲ್ಲ ಮುಗಿಯಿತು. 1837ರಲ್ಲಿ ಕೊಡಗು ಮತ್ತು ಸುಳ್ಯದ ಕಡೆ ರೈತರು ಎದ್ದಾಗ ಪುಟ್ಟಬಸಪ್ಪ ಎಂಬವನು ಕೊಡಗಿನ ಅರಸು ಮನೆತನದ ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತ. 1857ರಲ್ಲಿ ಮೀರತ್ತಿನಿಂದ ಹೊರಟ ಸಿಪಾಯಿಗಳು ನೇರ ಹೋದದ್ದು ಎಂಬತ್ತು ದಾಟಿದ ಕವಿ ಬಹಾದುರ್ ಷಾ ಜಫರರ ಬಾಗಿಲಿಗೆ. ದಂಗೆಯವರೆಲ್ಲ ಗೈಬು ರಾಜನನ್ನು ಹುಡುಕುತ್ತಿದ್ದರು.

ಗೆದ್ದವನು ಮೂರನೆಯವನು

ನಗರದ ದಂಗೆಯನ್ನು ಅಡಗಿಸಲು ಅರಮನೆಯ ಪಡೆಗೆ ಆಗಲಿಲ್ಲ. ಅರಸರು ತಾವೇ ದಂಡಿನೊಡನೆ ಚನ್ನರಾಯಪಟ್ಟಣದವರೆಗೆ ಬಂದರು. ಹಿಡಿದ ಕೆಲವರನ್ನು ಗಲ್ಲಿಗೇರಿಸಿದರು. ಭಯದಿಂದ ಬೆಂಕಿ ಆರಲಿಲ್ಲ. ಕಡೆಗೆ ಇಂಗ್ಲಿಷ್ ಸೈನ್ಯವೇ ಬಂತು. 1831ರ ಜೂನ್‌ನಲ್ಲಿ ನಗರ ಅದರ ವಶವಾಯಿತು. ಬೂದಿ ಬಸವಪ್ಪನ ಪಟ್ಟ ಅಲ್ಲಿಗೆ ಮುಗಿಯಿತು.

ಮುಮ್ಮಡಿಯವರ ಪಟ್ಟವೂ ಅದೇ ವರ್ಷ ಮುಗಿಯಿತು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1799ರ ಒಪ್ಪಂದದ ಆ ಕಲಮನ್ನು ತೆಗೆದು ತೋರಿಸಿ, 1831ರ ಅಕ್ಟೋಬರಿನಲ್ಲಿ ಮೈಸೂರಿನ ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡ. ಅರಸರಿಗೆ ಆಗ ಮೂವತ್ತೇಳು ವರ್ಷ. ಮುಂದೆ ಇನ್ನೂ ಮೂವತ್ತೇಳು ವರ್ಷ ಅವರು ಅಧಿಕಾರವಿಲ್ಲದ ಅರಸರಾಗಿ ಬದುಕಿ, ನನ್ನ ರಾಜ್ಯ ಮರಳಿಸಿ ಎಂದು ಅರ್ಜಿ ಬರೆಯುತ್ತಲೇ 1868ರಲ್ಲಿ ತೀರಿಕೊಂಡರು. ವಿಚಾರಣೆಗೆಂದು ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟ ಮೇಲೆ, ಇಡೀ ರಾಜ್ಯವನ್ನು ತೆಗೆದುಕೊಂಡದ್ದು ಸರಿಯೇ ಎಂದು ಬೆಂಟಿಂಕನಿಗೇ ಅನುಮಾನ ಬಂತು. ಒಂದು ಭಾಗವನ್ನಾದರೂ ಅರಸರಿಗೆ ಹಿಂತಿರುಗಿಸೋಣವೆಂದು ಸೂಚಿಸಿದ. ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಕೈಗೆ ಬಂದದ್ದನ್ನು ಯಾರು ಬಿಡುತ್ತಾರೆ?

ತುಮಕೂರಿನ ಮಾತು ಇಲ್ಲಿ ಬರುತ್ತದೆ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್. ರಾಜ್ಯವನ್ನು ನಾಲ್ಕು ಡಿವಿಷನ್‌ಗಳಾಗಿ ಮಾಡಿದಾಗ ಚಿತ್ರದುರ್ಗ ಡಿವಿಷನ್ನಿನ ಮುಖ್ಯ ಠಾಣೆ ಚಿತ್ರದುರ್ಗದಲ್ಲಿರಲಿಲ್ಲ, ತುಮಕೂರಿನಲ್ಲಿತ್ತು. ಅಲ್ಲಿ ಬಹುಕಾಲ ಸೂಪರಿಂಟೆಂಡೆಂಟ್ ಆಗಿದ್ದವನು ಡಾಬ್ಸ್ ಎಂಬ ಸೇನಾಧಿಕಾರಿ. ಬೆಂಗಳೂರಿನಿಂದ ತುಮಕೂರಿಗೆ ಬರುವಾಗ ಶಿವಗಂಗೆ ಬೆಟ್ಟ ಕಾಣುವಲ್ಲಿ ಸಿಗುವ ದಾಬಸ್‌ಪೇಟೆಗೆ ಅವನದೇ ಹೆಸರು. ದಿನಕ್ಕೆ ಸಾವಿರಾರು ವಾಹನಗಳು ಆ ಊರನ್ನು ಹಾದುಹೋಗುತ್ತವೆ. ಮಲೆನಾಡಿನ ರೈತರ ಕೂಟವೊಂದರಿಂದಾಗಿ ಆ ಹೆಸರು ಅಲ್ಲಿಗೆ ಬಂತೆಂಬುದು ಯಾರಿಗೂ ಹೊಳೆಯುವುದಿಲ್ಲ. ದಂಗೆ ಎದ್ದವರ ಹೆಸರಿನಲ್ಲಿ ನಮ್ಮ ಸುತ್ತ ಒಂದು ಪೇಟೆಯೂ ಇಲ್ಲ.

ರೈತರಿಗೆ ಏನೂ ದಕ್ಕಲಿಲ್ಲವೇ? ದಕ್ಕಿತು. ಶರ್ತಿ ಪದ್ಧತಿ ಹೋಯಿತು. ಆ 769 ತೆರಿಗೆಗಳು ಹೋದವು. ರಸ್ತೆಗಳು ಬಂದವು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಪೊಗದಿ ಮಾತ್ರ ಹಾಗೆಯೇ ಮುಂದುವರಿಯಿತು. ಆಳುವವರನ್ನು ಕೇಳುವ ಹಕ್ಕು ರೈತನಿಗೆ ಬರಲಿಲ್ಲ. ಒಬ್ಬ ರಾಜನ ಜಾಗಕ್ಕೆ ಇನ್ನೊಬ್ಬ ರಾಜ ಬರಲೆಂದು ಹೊರಟ ದಂಗೆ, ಇಬ್ಬರನ್ನೂ ಕಳೆದುಕೊಂಡು ಮೂರನೆಯವನನ್ನು ಐವತ್ತು ವರ್ಷ ಕೂರಿಸಿತು. 1881ರ ಮಾರ್ಚ್ 25ರಂದು ಮುಮ್ಮಡಿಯವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಆಡಳಿತ ಮರಳಿತು.

ಗುಬ್ಬಿಯ ಕಿರೀಟ

ಸಿಂಹಾಸನ ಒಡೆಯರಿಗೆ ಮರಳಿದ ಮೂರೇ ವರ್ಷಕ್ಕೆ, 1884ರಲ್ಲಿ, ತುಮಕೂರಿನ ಪಕ್ಕದ ಗುಬ್ಬಿಯಲ್ಲಿ ಕೆಲವರು ಕೂಡಿ ಇನ್ನೊಂದು ಸಿಂಹಾಸನ ಮಾಡಿಸಿದರು, ಮರದ್ದು. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಅದನ್ನು ಕಟ್ಟಿದವರ ಹೆಸರುಗಳನ್ನು ಜೋರಾಗಿ ಹೇಳಬೇಕು: ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್, ಸುಲೇಮಾನ್ ಸಾಹೇಬ್. ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ಆ ಕಂಪನಿ ಕನ್ನಡ ನಾಡಿನ ಮನೆಮಾತಾಯಿತು. ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದರು.

ಕಂದಾಯ ಕಟ್ಟುವ ರೈತನೂ ಸಂತೆಗೆ ಬಂದ ವ್ಯಾಪಾರಿಯೂ ಅಲ್ಲಿ ರಾಜನನ್ನು ಹತ್ತಿರದಿಂದ ಕಂಡರು. ಆ ರಾಜ ಬೆಳಿಗ್ಗೆ ಬಾವಿಯ ಹತ್ತಿರ ಹಲ್ಲುಜ್ಜುತ್ತಿದ್ದ ಮನುಷ್ಯನೇ. ಕಿರೀಟವನ್ನು ಯಾರ ತಲೆಗೆ ಬೇಕಾದರೂ ಇಡಬಹುದು, ಆಟ ಮುಗಿದ ಮೇಲೆ ಇಳಿಸಬಹುದು ಎಂಬುದನ್ನು ಜನ ಅಲ್ಲಿ ನಗುನಗುತ್ತಾ ಕಲಿತರು. ಆ ಕಂಪನಿಯ ಹೆಸರಾಂತ ನಾಟಕ ಸದಾರಮೆ. ತುಮಕೂರು ಸೀಮೆಯ ಬೆಳ್ಳಾವೆಯ ನರಹರಿಶಾಸ್ತ್ರಿಗಳು ಆ ರಂಗಭೂಮಿಗೆ ಬರೆದವರು. ಸದಾರಮೆ ವರ್ತಕನ ಮಗಳು, ರಾಜಕುಮಾರನ ಕೈಹಿಡಿದು ಕಷ್ಟಕ್ಕೆ ಸಿಕ್ಕಿ, ಕಳ್ಳನಿಗೇ ಚಳ್ಳೆಹಣ್ಣು ತಿನ್ನಿಸಿ ಪಾರಾಗುವ ಹುಡುಗಿ. ನನ್ನ ಸೊಸೆಯ ಕಾದಂಬರಿಯ ನಾಯಕಿಗೆ ಅಕ್ಕನಂಥವಳು. ಆದರೆ ಜನ ಮುಗಿಬಿದ್ದು ನೋಡಿದ್ದು ಅದರ ರಾಜಕುಮಾರನನ್ನಲ್ಲ, ವೀರಣ್ಣನವರ ಕಳ್ಳನನ್ನು. ನಮ್ಮ ಮನೆಯ ಅಮೀರ್ ಹಂಜಾನ ದಾಸ್ತಾನಿನಲ್ಲೂ ಹಾಗೆಯೇ. ಹಿರಿಯರು ಹಂಜಾನ ಶೌರ್ಯ ಹೇಳುತ್ತಿದ್ದರೆ ನಾವು ಮಕ್ಕಳು ಅಮರ್ ಅಯ್ಯಾರನ ತಂತ್ರಗಳಿಗಾಗಿ ಕಾಯುತ್ತಿದ್ದೆವು. ಕಳ್ಳನ ಪಾತ್ರದ ವೀರಣ್ಣನವರಿಗೆ ಜನ ಕೊಟ್ಟ ಬಿರುದು ನಾಟಕ ಸಾರ್ವಭೌಮ!

ಅರಸನಿಲ್ಲದ ದಂಗೆ

ಕೊನೆಗೂ ಒಂದು ದಂಗೆ ಅರಸನ ಮುಖವಿಲ್ಲದೆ ನಡೆಯಿತು. 1947ರ ಆಗಸ್ಟ್ 15 ಕಳೆದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ದಿವಾನರ ಆಡಳಿತವೇ ಇತ್ತು. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಶುರುವಾಯಿತು. ತುಮಕೂರು ಸೇರಿದಂತೆ ಸಂಸ್ಥಾನದ ಊರುಗಳಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಸಾವಿರಾರು ಜನ ಜೈಲು ಸೇರಿದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಕ್ಟೋಬರಿನಲ್ಲಿ ಅರಮನೆ ಒಪ್ಪಿತು. ಅದೇ ತಿಂಗಳು 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಅವರಲ್ಲಿ ಯಾರೂ ತಾನು ಯಾವುದೋ ಅರಸನ ಕಳೆದುಹೋದ ಮೊಮ್ಮಗ ಎಂದು ಹೇಳಿಕೊಳ್ಳಬೇಕಾಗಲಿಲ್ಲ. 1830ರ ಕೂಟಕ್ಕೂ 1947ರ ಚಳವಳಿಗೂ ನಡುವೆ ನಮ್ಮ ಜನ ದಾಟಿದ ದೂರ ಇದು.

ಆದರೆ ನೆನಪಿನಲ್ಲಿ ನಾವಿನ್ನೂ ಆ ದೂರ ದಾಟಿಲ್ಲವೇನೋ. 2015ರಿಂದ ಸರ್ಕಾರ ಟಿಪ್ಪು ಜಯಂತಿ ಆಚರಿಸಿತು, 2019ರಲ್ಲಿ ನಿಲ್ಲಿಸಿತು. ಆ ನಡುವಿನ ವರ್ಷಗಳಲ್ಲಿ ಊರೂರಲ್ಲಿ ನಡೆದ ವಾದಗಳನ್ನು ನೆನೆದುಕೊಳ್ಳಿ. ಒಬ್ಬರು ಸುಲ್ತಾನನನ್ನು ಹೊತ್ತು ನಿಂತರು, ಇನ್ನೊಬ್ಬರು ಒಡೆಯರನ್ನು, ಮತ್ತೊಬ್ಬರು ಪಾಳೆಯಗಾರರನ್ನು. ಟಿಪ್ಪುವನ್ನು ನಾನು ಪ್ರೀತಿಸುತ್ತೇನೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಮುಸಲ್ಮಾನರಾದ ನಮಗೆ ನಮ್ಮ ಗೌರವಕ್ಕೆ ಒಬ್ಬ ಸುಲ್ತಾನನೇ ಜಾಮೀನು ನಿಲ್ಲಬೇಕೆನಿಸಿದರೆ ನಾವೂ ಗೈಬು ರಾಜನನ್ನು ಹುಡುಕುತ್ತಿದ್ದೇವೆ ಎಂದೇ ಅರ್ಥ. ಕುದುರೆ ತೊಳೆದವನು, ನೇಯ್ದವನು, ಕೂಟದಲ್ಲಿ ನಿಂತವನು, ಗುಬ್ಬಿಯಲ್ಲಿ ಪರದೆ ಎಳೆದವನು ಇವರೆಲ್ಲರ ವಾರಸುದಾರರು ನಾವು. ಈ ವಾರಸುದಾರಿಕೆಯಲ್ಲಿ ಹಿಂದೂ ಮುಸ್ಲಿಂ ಎಂದು ಪಾಲು ಮಾಡಲು ಬರುವುದಿಲ್ಲ. 769 ತೆರಿಗೆಗಳನ್ನು ಎಲ್ಲರೂ ಕೂಡಿಯೇ ಕಟ್ಟಿದ್ದು.

ಇಷ್ಟೆಲ್ಲ ಕೇಳಿದ ಸೊಸೆ, "ಕೂಟ ಶುರುಮಾಡಿದವರ ಹೆಸರು ಪಾಠದಲ್ಲಿ ಯಾಕಿಲ್ಲ ಮಾಮು?" ಎಂದಳು. ಅರ್ಜಿಗೆ ಹೆಬ್ಬೆಟ್ಟು ಒತ್ತಿದವರ ಹೆಸರನ್ನು ಯಾರು ಪಾಠ ಮಾಡುತ್ತಾರಮ್ಮಾ ಎಂದೆ. ಅವಳು ಪುಸ್ತಕ ಮಡಿಸಿಟ್ಟು ಎದ್ದಳು. ಅಂಗಳದ ಈ ತುದಿಯಿಂದ ಆ ತುದಿಗೆ ಎರಡೂ ಕೈಗಳನ್ನು ಜೋರಾಗಿ ಬೀಸುತ್ತಾ ನಡೆದುಹೋಗಿ, ತಿರುಗಿ ನಿಂತು ಕೇಳಿದಳು: "ಎಷ್ಟಾಯ್ತು ಮಾಮು, ತೆರಿಗೆ?"